ಮೂಗಿನ ಬದಿಯ ಬಾವು ಕಣ್ಣುಕುಟಿಕೆಯಲ್ಲ



ರೆಪ್ಪೆಯ ಮೇಲೆ ಗುಳ್ಳೆ ಎದ್ದರೆ ಅದನ್ನು ಕಣ್ಣುಕುಟಿಕೆ ಎನ್ನುತ್ತೇವೆ. ದಿನಕ್ಕೆ 3-4 ಬಾರಿ ಬಿಸಿ ಬಟ್ಟೆಯ ಶಾಖ ಕೊಟ್ಟರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ಆದರೆ ಕಣ್ಣಿನ ಒಳಮೂಲೆಯಲ್ಲಿ, ಮೂಗಿನ ಬದಿಗೆ ಏಳುವ ಬಾವು ಹಲವು ವೇಳೆ ಕಣ್ಣೀರಿನ ಚೀಲದ ಸೋಂಕಾಗಿರುತ್ತದೆ. ಇದನ್ನೂ ಕಣ್ಣುಕುಟಿಕೆಯೆಂದು ಭಾವಿಸಿ ದಿನ ತಳ್ಳಿದರೆ ದೃಷ್ಟಿಗೇ ಅಪಾಯ.

ಕಾರಣವೇನು?

ಕಣ್ಣೀರು ಕಣ್ಣನ್ನು ತೊಳೆದು, ರೆಪ್ಪೆಗಳ ಒಳತುದಿಯ ಸಣ್ಣ ರಂಧ್ರಗಳ ಮೂಲಕ ಕಣ್ಣೀರಿನ ಚೀಲ ಸೇರಿ, ಅಲ್ಲಿಂದ ನಾಳದಲ್ಲಿ ಮೂಗಿಗೆ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದು ಇದರಿಂದಲೇ. ಹೂಳು ತುಂಬಿದ ಕಾಲುವೆಯಲ್ಲಿ ನೀರು ನಿಂತು ಕೊಳೆಯುವಂತೆ, ನಾಳ ಕಟ್ಟಿಕೊಂಡರೆ ಚೀಲದಲ್ಲಿ ಕಣ್ಣೀರು ನಿಂತು, ರೋಗಾಣುಗಳು ಬೆಳೆದು ಕೀವಾಗುತ್ತದೆ. ನಡುವಯಸ್ಸು ದಾಟಿದ ಹೆಂಗಸರಲ್ಲಿ ಈ ತೊಂದರೆ ಹೆಚ್ಚು.

ಗುರುತಿಸುವುದು ಹೇಗೆ?

1. ಕಣ್ಣುಕುಟಿಕೆ ಏಳುವುದು ರೆಪ್ಪೆಯಲ್ಲಿ. ಚೀಲದ ಬಾವು ಕಣ್ಣಿನ ಒಳಮೂಲೆಗಿಂತ ತುಸು ಕೆಳಗೆ, ಮೂಗಿನ ಪಕ್ಕದಲ್ಲಿರುತ್ತದೆ.

2. ಚೀಲದ ಬಾವು ಕಾಣಿಸುವ ಮೊದಲೇ, ಆ ಕಣ್ಣಿನಿಂದ ಬಹುಕಾಲ ನೀರು ಸೋರುತ್ತಿರುವುದುಂಟು. ಗೀಜು ಮತ್ತೆ ಮತ್ತೆ ಕಟ್ಟುತ್ತದೆ.

3. ಸೋಂಕು ಉಲ್ಬಣಿಸಿದಾಗ ಆ ಜಾಗ ಕೆಂಪಾಗಿ, ಮುಟ್ಟಲಾಗದಷ್ಟು ನೋಯುತ್ತದೆ. ಜ್ವರವೂ ಬರಬಹುದು.

ಹೊಲದಲ್ಲಿ ದುಡಿಯುವವರಿಗೆ ಎಚ್ಚರಿಕೆ

ನೋವಿಲ್ಲದೆ ಬರಿಯ ನೀರು ಸೋರುತ್ತಿದ್ದರೂ ಉದಾಸೀನ ಸಲ್ಲದು. ಭತ್ತದ ಗರಿ, ಕಬ್ಬಿನ ಸೋಗೆ ಅಥವಾ ಒಕ್ಕಣೆಯ ಹೊಟ್ಟು ತಾಗಿ ಕರಿಗುಡ್ಡೆಯ ಮೇಲೆ ಗೀರು ಬಿದ್ದರೆ, ಚೀಲದಲ್ಲಿರುವ ರೋಗಾಣುಗಳು ಅಲ್ಲಿ ಸೇರಿ ಹುಣ್ಣು ಮಾಡುತ್ತವೆ. ಹುಣ್ಣು ಮಾಗಿದರೂ ಬಿಳಿ ಕಲೆ ಉಳಿದು ನೋಟ ಮಂಕಾಗಬಹುದು. ಕಣ್ಣಿನ ಪೊರೆ ತೆಗೆಯುವ ಮುನ್ನ ವೈದ್ಯರು ಕಣ್ಣೀರಿನ ದಾರಿಯನ್ನು ಪರೀಕ್ಷಿಸುವುದೂ ಈ ಸೋಂಕಿನ ಭಯದಿಂದಲೇ.

ಏನು ಮಾಡಬೇಕು?

ಬಾವನ್ನು ಹಿಚುಕಬೇಡಿ, ಸೂಜಿಯಿಂದ ಚುಚ್ಚಬೇಡಿ. ಚುಚ್ಚಿದ ಜಾಗ ಮಾಯದೆ ಸದಾ ಸೋರುವ ತೂತಾಗಬಹುದು. ಸೊಪ್ಪಿನ ರಸ ಹಿಂಡುವುದು, ಮನೆಯಲ್ಲಿ ಉಳಿದ ಹಳೆಯ ಔಷಧಿಯ ಹನಿ ಹಾಕುವುದು ಸಲ್ಲದು. ತಡಮಾಡದೆ ಕಣ್ಣಿನ ವೈದ್ಯರನ್ನು ಕಾಣಿರಿ. ಅವರು ಮೊದಲು ಔಷಧಿಯಿಂದ ಸೋಂಕನ್ನು ಇಳಿಸುತ್ತಾರೆ. ನಾಳ ಕಟ್ಟಿಯೇ ಇದ್ದರೆ, ಚೀಲದಿಂದ ಮೂಗಿಗೆ ಹೊಸ ದಾರಿ ಮಾಡುವ ಶಸ್ತ್ರಚಿಕಿತ್ಸೆ ಉಂಟು. 1904ರಲ್ಲಿ ಇಟಲಿಯ ವೈದ್ಯ ಟೋಟಿ ವಿವರಿಸಿದ ಈ ವಿಧಾನವನ್ನು ಈಗ ಮೂಗಿನೊಳಗಿನಿಂದಲೂ ಮಾಡುತ್ತಾರೆ.

ಹಸುಗೂಸಿನ ಕಣ್ಣು ಸೋರುತ್ತಿದ್ದರೆ, ಒಳಮೂಲೆಯನ್ನು ನೀವುವ ಕ್ರಮವನ್ನು ವೈದ್ಯರಿಂದಲೇ ಕಲಿಯಿರಿ. ಬಹುಪಾಲು ಮಕ್ಕಳಲ್ಲಿ ಒಂದು ವರ್ಷದೊಳಗೆ ನಾಳ ತಾನಾಗಿ ತೆರೆದುಕೊಳ್ಳುತ್ತದೆ. ಕೆಂಪು ಬಾವು ಕಂಡರೆ ಮಾತ್ರ ಕಾಯುವಂತಿಲ್ಲ.

ಎಲ್ಲಿಗೆ ಹೋಗಬೇಕು?

ಕೆಂಗೇರಿ, ಮಾಗಡಿ ಕಡೆಯ ರೈತರಿಗೆ ವಿಜಯನಗರ, ಬಸವೇಶ್ವರನಗರ, ರಾಜಾಜಿನಗರಗಳಲ್ಲಿ ಕಣ್ಣಿನ ವೈದ್ಯರು ಸಿಗುತ್ತಾರೆ. ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಗೆ ಬರುವವರಿಗೆ, 1896ರಲ್ಲಿ ಆರಂಭವಾದ ಸರ್ಕಾರಿ ಮಿಂಟೊ ಕಣ್ಣಾಸ್ಪತ್ರೆ ಸಮೀಪದಲ್ಲೇ ಇದೆ. ಬಾವಿನ ಜೊತೆಗೆ ಕಣ್ಣುಗುಡ್ಡೆ ಮುಂದಕ್ಕೆ ಚಾಚಿದರೆ, ನೋಟ ಮಬ್ಬಾದರೆ ಅಥವಾ ಕಣ್ಣು ಹೊರಳಿಸಲು ಕಷ್ಟವಾದರೆ ಅದೇ ದಿನ ಆಸ್ಪತ್ರೆ ಸೇರಿರಿ. ಕೊಯ್ಲು ಒಂದು ದಿನ ತಡವಾಗಬಹುದು. ಕಳೆದ ಕಣ್ಣು ಮರಳಿ ಬಾರದು.