ಗಾಜಿನ ಮೀನುತೊಟ್ಟಿ ಸೋರತೊಡಗಿದಾಗ

ಮಕ್ಕಳ ಒತ್ತಾಯಕ್ಕೆ ಪೇಟೆಯಿಂದ ಗಾಜಿನ ಮೀನುತೊಟ್ಟಿ ತಂದಿಟ್ಟುಕೊಂಡ ರೈತ ಕುಟುಂಬಗಳು ಈಗ ಹಳ್ಳಿಗಳಲ್ಲಿಯೂ ಇವೆ. ತೊಟ್ಟಿ ಬಿರುಕು ಬಿಟ್ಟು ಸೋರತೊಡಗಿದರೆ ಗಾಬರಿಯಲ್ಲಿ ಮಾಡುವ ತಪ್ಪುಗಳಿಂದಲೇ ಹೆಚ್ಚು ಮೀನುಗಳು ಸಾಯುತ್ತವೆ. ಒದ್ದೆ ನೆಲದ ಮೇಲೆ ನಿಂತು ಪಂಪಿನ ತಂತಿ ಮುಟ್ಟಿದರೆ ಮನುಷ್ಯರ ಜೀವಕ್ಕೂ ಅಪಾಯ. ಆದ್ದರಿಂದ ಈ ಕೆಳಗಿನ ಕ್ರಮಗಳನ್ನು ರೈತ ಬಾಂಧವರು ತಿಳಿದಿರುವುದು ಒಳ್ಳೆಯದು.

ನೀರಿನ ಒತ್ತಡ

60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ ಮತ್ತು 30 ಸೆಂ.ಮೀ. ಎತ್ತರದ ತೊಟ್ಟಿಯಲ್ಲಿ 54 ಲೀಟರ್, ಅಂದರೆ 54 ಕಿಲೋ ತೂಕದ ನೀರು ಹಿಡಿಯುತ್ತದೆ. ತುಂಬಿದಾಗ ಅದರ ಮುಂಭಾಗದ ಗಾಜನ್ನು ನೀರು ಸುಮಾರು 27 ಕಿಲೋದಷ್ಟು ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ನೀರನ್ನು ಅರ್ಧಕ್ಕೆ ಇಳಿಸಿದರೆ ಈ ಬಲ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಆಳ ಹೆಚ್ಚಿದಷ್ಟೂ ಒತ್ತಡ ಹೆಚ್ಚು. ಕೆರೆಯ ಏರಿಯ ಬುಡವನ್ನು ಅಗಲವಾಗಿ ಕಟ್ಟುವುದೂ ಇದೇ ಕಾರಣದಿಂದ. ಹೀಗಾಗಿ ಬಿರುಕು ಕಂಡೊಡನೆ ನೀರನ್ನು ಇಳಿಸುವುದೇ ಮುಖ್ಯ ಉಪಾಯ.

ತಕ್ಷಣ ಮಾಡಬೇಕಾದ ಕೆಲಸ

1. ಮೊದಲು ಮನೆಯ ಮೇನ್ ಸ್ವಿಚ್ ಆರಿಸಿ. ಅನಂತರವೇ ಪಂಪು ಮತ್ತು ದೀಪದ ಪ್ಲಗ್ಗನ್ನು ಒಣ ಕೈಯಿಂದ ತೆಗೆಯಿರಿ.

2. ರಬ್ಬರ್ ಕೊಳವೆಯಿಂದ ನೀರನ್ನು ಬಕೆಟ್ಟುಗಳಿಗೆ ಇಳಿಸಿ. ಈ ನೀರನ್ನು ಚೆಲ್ಲಬಾರದು. ಮೀನುಗಳು ಅದಕ್ಕೆ ಹೊಂದಿಕೊಂಡಿರುತ್ತವೆ.

3. ಮೀನುಗಳನ್ನು ಅದೇ ನೀರಿರುವ ಅಗಲ ಬಾಯಿಯ ಪ್ಲಾಸ್ಟಿಕ್ ಪಾತ್ರೆಗೆ ಬಿಟ್ಟು, ಹಾರಿ ಬೀಳದಂತೆ ತೆಳು ಬಟ್ಟೆ ಕಟ್ಟಿ ನೆರಳಿನಲ್ಲಿಡಿ. ತಾಮ್ರದ ಕೊಡ, ಹಂಡೆ ಬೇಡ. ನೀರಿಗಿಳಿಯುವ ತಾಮ್ರ ಮೀನಿಗೆ ವಿಷ.

4. ಔಷಧಿ ಸಿಂಪರಣೆಗೆ ಬಳಸಿದ ಬಕೆಟ್ಟನ್ನು ಎಷ್ಟು ತೊಳೆದಿದ್ದರೂ ಮುಟ್ಟಬೇಡಿ. ಸೈಪರ್‌ಮೆಥ್ರಿನ್‌ನಂತಹ ಕೀಟನಾಶಕದ ಅತ್ಯಲ್ಪ ಅಂಶವೂ ಮೀನುಗಳನ್ನು ಕೊಲ್ಲುತ್ತದೆ.

5. ತೊಟ್ಟಿಯ ಮರಳು ಮತ್ತು ಶೋಧಕದ ಸ್ಪಂಜನ್ನು ಹಳೆಯ ನೀರಿನಲ್ಲೇ ಒದ್ದೆಯಾಗಿಡಿ. ಹೊಲದಲ್ಲಿ ಅಮೋನಿಯಾ ರೂಪದ ಸಾರಜನಕವನ್ನು ನೈಟ್ರೇಟಾಗಿ ಪರಿವರ್ತಿಸುವಂತಹ ಸೂಕ್ಷ್ಮಜೀವಿಗಳೇ ಇವುಗಳಲ್ಲಿಯೂ ನೆಲೆಸಿ, ಮೀನಿನ ಮಲದಿಂದ ಬರುವ ಅಮೋನಿಯಾವನ್ನು ನಿವಾರಿಸುತ್ತವೆ. ಸೋಪು ಹಾಕಿ ತೊಳೆದರೆ ಅವು ನಾಶವಾಗಿ, ದುರಸ್ತಿಯಾದ ತೊಟ್ಟಿಯಲ್ಲೂ ಮೀನುಗಳು ಸಾಯುತ್ತವೆ.

ನೆಲ ಒರೆಸಿ ಒಣಗಿಸಿದ ಮೇಲೆ ಮೇನ್ ಹಾಕಿ, ಗಾಳಿಯ ಪಂಪನ್ನು ಪಾತ್ರೆಗೆ ಜೋಡಿಸಿ. ಇಲ್ಲವಾದರೆ ಆಗಾಗ ಚೊಂಬಿನಿಂದ ನೀರೆತ್ತಿ ಮೇಲಿನಿಂದ ಸುರಿಯಿರಿ. ಮೊದಲ ದಿನ ಆಹಾರ ಹಾಕಬೇಡಿ. ಆಮೇಲೆ ದಿನಕ್ಕೆ ಮೂರನೆಯ ಒಂದು ಭಾಗ ನೀರು ಬದಲಿಸಿ.

ಸೋರುವ ಜಾಗ ಪತ್ತೆ

ನೀರು ಅಂಚಿನಗುಂಟ ಹರಿದು ಬೇರೆಡೆ ತೊಟ್ಟಿಕ್ಕುವುದುಂಟು. ಖಾಲಿ ತೊಟ್ಟಿಯ ಹೊರಭಾಗವನ್ನು ಒರೆಸಿ, ಅಡಿಗೆ ವೃತ್ತಪತ್ರಿಕೆ ಹಾಸಿ, ಸ್ವಲ್ಪ ಸ್ವಲ್ಪವಾಗಿ ನೀರು ತುಂಬುತ್ತಾ ಮೊದಲು ಒದ್ದೆಯಾಗುವ ಜಾಗವನ್ನು ಗುರುತು ಮಾಡಿ.

ದುರಸ್ತಿ

ಗಾಜುಗಳ ಕೂಡುಗೆರೆಯಲ್ಲಿ ಸೋರುತ್ತಿದ್ದರೆ ಮನೆಯಲ್ಲೇ ಸರಿಪಡಿಸಬಹುದು. ತೊಟ್ಟಿಯನ್ನು ಪೂರ್ತಿ ಒಣಗಿಸಿ, ಒಳಬದಿಯ ಹಳೆಯ ಸಿಲಿಕೋನನ್ನು ಬ್ಲೇಡಿನಿಂದ ಕೆರೆದು ತೆಗೆಯಿರಿ. ಹಳೆಯದರ ಮೇಲೆ ಹೊಸದು ಹಿಡಿಯುವುದಿಲ್ಲ. ಸ್ಪಿರಿಟಿನಿಂದ ಒರೆಸಿ, ಅಕ್ವೇರಿಯಂಗೆಂದೇ ಮಾರುವ ಸಿಲಿಕೋನನ್ನು ಎಡೆಬಿಡದೆ ಎಳೆದು ಒದ್ದೆ ಬೆರಳಿನಿಂದ ಒತ್ತಿ ಸವರಿ. ಬಚ್ಚಲುಮನೆಗೆ ಬಳಸುವ ಬೂಷ್ಟುನಿರೋಧಕ ಬೆರೆತ ಸಿಲಿಕೋನು ಮೀನಿಗೆ ವಿಷಕಾರಿ. ಕನಿಷ್ಠ 48 ಗಂಟೆ, ಹುಳಿ ವಾಸನೆ ಪೂರ್ತಿ ಹೋಗುವವರೆಗೂ ಒಣಗಲು ಬಿಡಿ. ಬಳಿಕ ಅಂಗಳದ ಸಮತಟ್ಟಾದ ಜಾಗದಲ್ಲಿ ನೀರು ತುಂಬಿ 24 ಗಂಟೆ ಪರೀಕ್ಷಿಸಿ.

ಗಾಜೇ ಬಿರುಕು ಬಿಟ್ಟಿದ್ದರೆ ಮೇಲೆ ಮೆತ್ತಿದ ಸಿಲಿಕೋನನ್ನು ನಂಬಬಾರದು. ಬಿರುಕು ಇಂದಲ್ಲ ನಾಳೆ ಬೆಳೆಯುತ್ತದೆ. ಆ ಗಾಜನ್ನೇ ಬದಲಿಸಬೇಕು. ಖರ್ಚು ಹೆಚ್ಚೆನಿಸಿದರೆ ತೊಟ್ಟಿಯನ್ನು ತರಕಾರಿ ಸಸಿ ಬೆಳೆಸಲು ಬಳಸಬಹುದು.

ಮತ್ತೆ ಒಡೆಯದಂತೆ

ಈ ಲೇಖಕನ ಮನೆಯಲ್ಲೇ ಮೇಜಿನ ಮೇಲೆ ಕಣ್ಣಿಗೆ ಬೀಳದೆ ಉಳಿದಿದ್ದ ಒಂದು ಸಣ್ಣ ಹರಳುಕಲ್ಲು ತುಂಬಿದ ತೊಟ್ಟಿಯ ತಳವನ್ನು ಸೀಳಿಬಿಟ್ಟಿತ್ತು. ಗಟ್ಟಿಯಾದ ಸಮತಟ್ಟು ಮೇಜಿನ ಮೇಲೆ ಥರ್ಮೋಕೋಲ್ ಹಾಳೆ ಹಾಸಿ ಅದರ ಮೇಲೆ ತೊಟ್ಟಿಯಿಡಿ. ನೀರಿರುವಾಗ ತೊಟ್ಟಿಯನ್ನು ಎತ್ತಬೇಡಿ, ಜರುಗಿಸಬೇಡಿ.

ಮೀನು ಬಿಡುವಾಗ ಹಳೆಯ ನೀರು, ಮರಳನ್ನೇ ಮೊದಲು ಹಾಕಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಟ್ಟು ಸೇರಿಸಿ. ದಿನವೂ ಬದಲಿಸಿದ ಕೊಳೆ ನೀರಿನಲ್ಲಿ ಸಾರಜನಕವಿರುತ್ತದೆ. ಅದನ್ನು ಚರಂಡಿಗೆ ಬಿಡದೆ ಹಿತ್ತಲಿನ ಕರಿಬೇವಿಗೋ ಬಾಳೆಗೋ ಹಾಕಿ.