ಪ್ಯಾರಾಚೂಟ್ ಬಿಚ್ಚುವ ಸರದಿಯೇ ಬರಲಿಲ್ಲ

ಸ್ಕೈಡೈವಿಂಗ್ ಅಂದ್ರೆ ಎಲ್ಲರಿಗೂ ಮೊದಲು ಹುಟ್ಟುವ ಭಯ ಒಂದೇ: ಪ್ಯಾರಾಚೂಟ್ ಬಿಚ್ಚಿಕೊಳ್ಳದಿದ್ದರೆ? 2019ರ ಜೂನ್ 21ರ ಸಂಜೆ ಹವಾಯಿಯ ಡಿಲ್ಲಿಂಗ್‌ಹ್ಯಾಮ್ ಏರ್‌ಫೀಲ್ಡ್‌ನಲ್ಲಿ ಸತ್ತ 11 ಮಂದಿಗೆ ಆ ಸರದಿಯೇ ಬರಲಿಲ್ಲ. ಅವರಿದ್ದ ಕಿಂಗ್ ಏರ್ ವಿಮಾನ ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಬಿದ್ದು ಹೊತ್ತಿ ಉರಿಯಿತು.

ಪೈಲಟ್ ಟೇಕಾಫ್ ಆದ ಕೂಡಲೇ ವಿಮಾನವನ್ನು ರಭಸವಾಗಿ ಎತ್ತಿ ತಿರುಗಿಸಿದ್ದೇ ಕಾರಣ ಎಂದಿತು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ. ಹಾಗೆ ತಿರುಗಿಸಿದರೆ ಏನಾಗುತ್ತೆ? ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ಓರೆಯಾಗಿ ತಿರುಗಬೇಕೆಂದರೆ ರೆಕ್ಕೆಗಳು ದುಪ್ಪಟ್ಟು ಭಾರ ಹೊರಬೇಕು. ನೇರ ಹಾರಾಟದಲ್ಲಿ 80 ನಾಟ್ ವೇಗಕ್ಕಿಂತ ಕೆಳಗಿಳಿದರಷ್ಟೇ ಕೈಕೊಡುವ ರೆಕ್ಕೆ, ಆಗ 113 ನಾಟ್‌ನಲ್ಲೇ ಕೈಕೊಡುತ್ತೆ. ಇದನ್ನೇ ಸ್ಟಾಲ್ ಅನ್ನೋದು. ಹತ್ತು ಸಾವಿರ ಅಡಿ ಎತ್ತರದಲ್ಲಾದರೆ ಮೂಗು ತಗ್ಗಿಸಿ ಸಾವರಿಸಿಕೊಳ್ಳಬಹುದು. ರನ್‌ವೇ ಪಕ್ಕದಲ್ಲೇ ಆದರೆ ತಗ್ಗಿಸೋಕೆ ಜಾಗ ಎಲ್ಲಿದೆ? ಸಾಲದ್ದಕ್ಕೆ ಆ ದಿನ ವಿಮಾನದ ತೂಕ ಹಿಂಬದಿಯ ಮಿತಿಯ ಹತ್ತಿರವಿತ್ತು, ಎಡರೆಕ್ಕೆ ತಿರುಚಿಕೊಂಡಿತ್ತು.

ಆ ರೆಕ್ಕೆಗೊಂದು ಕಥೆಯಿದೆ. 2016ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದೇ ವಿಮಾನ ಸ್ಟಾಲ್ ಆಗಿ ಗಿರಗಿರನೆ ಸುತ್ತಿತ್ತು. ಒಳಗಿದ್ದವರು ಜಿಗಿದು ಬದುಕಿದರು. ಬಾಲದ ಒಂದು ತುಂಡು ಕಳಚಿದ್ದರೂ ಪೈಲಟ್ ಹೇಗೋ ಇಳಿಸಿದರು. ಬಾಲ ರಿಪೇರಿಯಾಯಿತು, ರೆಕ್ಕೆ ಹಾಗೇ ಉಳಿಯಿತು. ಆಮೇಲೂ ಅದರಲ್ಲೇ ಜನರನ್ನು ಹೊತ್ತೊಯ್ದರು.

ಇದು ಒಬ್ಬ ಪೈಲಟ್‌ನ ಹುಚ್ಚಾಟ ಎಂದು ಮುಗಿಸಿಬಿಡುವುದು ಸುಲಭ. ಆದರೆ ಜಂಪ್ ವಿಮಾನ ಹಾರಿಸುವವರಲ್ಲಿ ಅನೇಕರು ಲಾಗ್‌ಬುಕ್‌ನಲ್ಲಿ ಗಂಟೆ ಕೂಡಿಸಿಕೊಂಡು ಏರ್‌ಲೈನ್ ಸೇರಲು ಬಂದ ಹೊಸಬರು. ಆ ವಿಮಾನವನ್ನು ಅದರ ಮಿತಿಯ ಅಂಚಿನಲ್ಲಿ ನಿಭಾಯಿಸುವ ತರಬೇತಿ ಈ ಪೈಲಟ್‌ಗೂ ಇರಲಿಲ್ಲ ಎಂದಿದೆ ಮಂಡಳಿ. ರೋಮಾಂಚನವನ್ನೇ ಮಾರುವ ಜಾಗದಲ್ಲಿ ಮೆಲ್ಲಗೆ, ಸಪ್ಪೆಯಾಗಿ ಹಾರಿಸುವವನಿಗೆ ಚಪ್ಪಾಳೆ ಬೀಳೋದಿಲ್ಲ. ಅದನ್ನೇ ವೃತ್ತಿಪರತೆ ಅಂತ ಹೇಳಿಕೊಡಬೇಕಾದವರು ಮಾಲೀಕರು, ಅಂಕೆಯಲ್ಲಿಡಬೇಕಾದದ್ದು ಕಾನೂನು. ಅಮೆರಿಕದ ಕಾನೂನಿನಲ್ಲೋ, ದುಡ್ಡು ಕೊಟ್ಟು ಹತ್ತುವ ಈ ಹಾರಾಟಗಳು ಬರೋದು ಖಾಸಗಿ ವಿಮಾನಗಳಿಗೂ ಅನ್ವಯಿಸುವ 'ಪಾರ್ಟ್ 91' ನಿಯಮಗಳಡಿ. ಏರ್‌ಲೈನ್‌ಗಳಿಗಿರುವ ಬಿಗಿ ಇಲ್ಲಿಲ್ಲ.

ಗೊತ್ತಿಲ್ಲದೆ ಆದದ್ದೂ ಅಲ್ಲ. 1980ರಿಂದ ನಡೆದ ಇಂಥ 32 ಅಪಘಾತಗಳಲ್ಲಿ 172 ಜನ ಸತ್ತಿದ್ದಾರೆ, ನಿರ್ವಹಣೆ, ಪೈಲಟ್ ತರಬೇತಿ, ಉಸ್ತುವಾರಿ ಮೂರೂ ಸಡಿಲ ಎಂದು ಮಂಡಳಿ 2008ರಲ್ಲೇ ಬರೆದಿತ್ತು. ಹವಾಯಿ ದುರಂತದ ತನಿಖೆ ಮುಗಿಸಿದಾಗಲೂ ವಿಮಾನಯಾನ ನಿಯಂತ್ರಕ ಎಫ್‌ಎಎಗೆ ಅದು ಹೇಳಿದ್ದು ಹೆಚ್ಚುಕಡಿಮೆ ಅದೇ ಮಾತು.