ಕ್ಯಾಮೆರಾ ಬಂತು, ಇನ್ನು ಕಲಿಯುವುದೆಲ್ಲಿ?

ನನ್ನ ಮಗ ಕೆಲಸಕ್ಕೆ ಸೇರಿದ ಮೊದಲ ವರ್ಷ ಸಂಬಳದಲ್ಲಿ ಉಳಿಸಿದ ಹಣದಿಂದ ಒಂದು ಕ್ಯಾಮೆರಾ ಕೊಂಡ. ಅದರ ಬೆನ್ನಿಗೆ ಎರಡು ಲೆನ್ಸು, ಟ್ರೈಪಾಡು, ಹೆಗಲಿಗೆ ಚೀಲ. ಹೀಗೆ ಒಂದು ಸಂಸಾರವೇ ಮನೆಗೆ ಬಂತು. ಅದೇ ವರ್ಷ ಕುಂದಾಪುರದ ಹತ್ತಿರವಿರುವ ನನ್ನ ತವರಿನಲ್ಲಿ ನನ್ನ ಅಮ್ಮನಿಗೆ ಎಂಬತ್ತು ತುಂಬಿದ ಸಂಭ್ರಮ. ಮೊಮ್ಮಗ ಅಲ್ಲಿ 500ಕ್ಕೂ ಹೆಚ್ಚು ಫೋಟೋ ತೆಗೆದ. ಅಮ್ಮ ಜಗಲಿಯ ಕುರ್ಚಿಯಲ್ಲಿ ಕೂತು, “ಸಾಕಾ ಮಗಾ?” ಎಂದು ನಗುತ್ತಲೇ ಇದ್ದರು.

ಎರಡು ತಿಂಗಳಲ್ಲಿ ಅಮ್ಮ ತೀರಿಕೊಂಡರು. ಉತ್ತರಕ್ರಿಯೆಗೆ ಹಾರ ಹಾಕಲು ಒಂದು ಒಳ್ಳೆಯ ಫೋಟೋ ಬೇಕಿತ್ತು. ಹುಡುಕಿದರೆ ಎಲ್ಲದರಲ್ಲೂ ಅಂಗಳದ ಬಿಸಿಲು ಬೆಳ್ಳಗೆ ಹೊಳೆಯುತ್ತಿತ್ತು, ಅಮ್ಮನ ಮುಖ ಮಾತ್ರ ಕಪ್ಪು. ಕೊನೆಗೆ ಹಾರ ಹಾಕಿದ್ದು 1986ರಲ್ಲಿ ಪೇಟೆಯ ಸ್ಟುಡಿಯೋದವರು ಮನೆಗೆ ಬಂದು ತೆಗೆದ ಕಪ್ಪು-ಬಿಳುಪು ಫೋಟೋಕ್ಕೆ. ಅವರು ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿ, ಒಂದೇ ಒಂದು ಸಲ ಗುಂಡಿ ಒತ್ತಿ ಹೋಗಿದ್ದರು.

“ಅಮ್ಮಾ, ನನಗೆ ಕ್ಯಾಮೆರಾ ಇದೆ, ಫೋಟೋ ತೆಗೆಯಲು ಬರುವುದಿಲ್ಲ” ಎಂದ ಮಗ. ಆ ದಿನದಿಂದ ನಾವಿಬ್ಬರೂ ಕಲಿಯಲು ಕೂತೆವು. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನನಗೆ, ‘ಡೆಪ್ತ್ ಆಫ್ ಫೀಲ್ಡ್’ ಎಂದರೆ ಗದ್ದೆಯ ಆಳವಲ್ಲ, ಚಿತ್ರದಲ್ಲಿ ಎಷ್ಟು ದೂರದವರೆಗೆ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಎಂದು ತಿಳಿದದ್ದು ಈ ವಯಸ್ಸಿನಲ್ಲಿ! ಕ್ಯಾಮೆರಾ ಹಿಡಿದಿರುವ ನಿಮಗೂ ಉಪಯೋಗವಾದೀತೆಂದು ನಾವು ಕಂಡುಕೊಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲ ಪುಸ್ತಕ ಕ್ಯಾಮೆರಾದ ಡಬ್ಬಿಯಲ್ಲೇ ಇರುತ್ತದೆ, ಇಲ್ಲವೇ ಕಂಪನಿಯ ತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಅದೇ ಕೈಪಿಡಿ. ನಮ್ಮ ತಪ್ಪಿಗೆ ಉತ್ತರ ಅದರಲ್ಲೇ ಇತ್ತು. ಕ್ಯಾಮೆರಾ ಇಡೀ ದೃಶ್ಯದ ಬೆಳಕನ್ನು ಅಳೆಯುತ್ತದೆ. ಹಿಂದೆ ಬಿಸಿಲಿದ್ದರೆ ಬೆಳಕು ಹೆಚ್ಚಾಯಿತೆಂದುಕೊಂಡು ಚಿತ್ರವನ್ನು ಕಪ್ಪಾಗಿಸುತ್ತದೆ. ಆಗ ಮುಖದ ಮೇಲಿನ ಬೆಳಕನ್ನಷ್ಟೇ ಅಳೆಯಬೇಕು, ಇಲ್ಲವೇ ಎಕ್ಸ್‌ಪೋಷರನ್ನು ಒಂದೆರಡು ಹಂತ ಏರಿಸಬೇಕು. ಎಲ್ಲಕ್ಕಿಂತ ಸುಲಭವೆಂದರೆ ಕುರ್ಚಿ ತಿರುಗಿಸುವುದು!

ಇನ್ನು ಪತ್ರಿಕೆಗಳು. ಅಂಗಡಿಯಲ್ಲಿ ಮುಖಪುಟದ ಹುಲಿಯನ್ನು ನೋಡಿ ಮರುಳಾಗಬೇಡಿ. ಒಳಗೆ ಪಾಠ ಎಷ್ಟು, ಮಾರಾಟ ಎಷ್ಟು ಎಂದು ಪುಟ ತಿರುವಿ ಲೆಕ್ಕ ಹಾಕಿ. ಹೊಸ ಕ್ಯಾಮೆರಾಗಳ ಪರೀಕ್ಷಾ ವರದಿ ಬೇಗ ಹಳತಾಗುತ್ತದೆ, ಬೆಳಕಿನ ಪಾಠ ಹಳತಾಗುವುದಿಲ್ಲ. ಚಿತ್ರದ ಕೆಳಗೆ ಯಾವ ಲೆನ್ಸು, ಎಷ್ಟು ಅಪರ್ಚರ್, ಎಷ್ಟು ಶಟರ್ ವೇಗ, ಎಷ್ಟು ಐಎಸ್‌ಓ ಎಂಬ ವಿವರ ಇದೆಯೇ? ಓದುಗರು ಕಳಿಸಿದ ಚಿತ್ರಗಳ ಗುಣದೋಷಗಳನ್ನು ತಿಳಿದವರು ಬಿಡಿಸಿ ಹೇಳಿದ್ದಾರೆಯೇ? ಇವೆರಡೂ ಇದ್ದರೆ ಕೊಳ್ಳಿ. ಆದರೆ ಒಂದು ಸಂಚಿಕೆಯನ್ನು ಪೂರ್ತಿ ಓದಿ, ಅದರ ಒಂದು ಪಾಠವನ್ನಾದರೂ ಮಾಡಿ ನೋಡದೆ ವರ್ಷದ ಚಂದಾ ಕಟ್ಟಬೇಡಿ.

ಹಳೆಯ ಸಂಚಿಕೆಗಳನ್ನು ಕಂಡು ಮೂಗು ಮುರಿಯಬೇಡಿ. 1937ರಲ್ಲಿ ಆರಂಭವಾದ ಅಮೆರಿಕದ ‘ಪಾಪ್ಯುಲರ್ ಫೋಟೋಗ್ರಫಿ’ 2017ರಲ್ಲಿ ಮುದ್ರಣ ನಿಲ್ಲಿಸಿತು. 1997ರಲ್ಲಿ ಮುಂಬಯಿಯಿಂದ ಹೊರಡತೊಡಗಿದ ‘ಬೆಟರ್ ಫೋಟೋಗ್ರಫಿ’ ನಮ್ಮ ದೇಶದ ಬಿಸಿಲು, ಮಳೆ, ಹಬ್ಬಗಳನ್ನು ಇಟ್ಟುಕೊಂಡೇ ಪಾಠ ಹೇಳಿತು. ಇಂಥವುಗಳ ಹಳೆಯ ಪ್ರತಿಗಳು ರದ್ದಿ ಅಂಗಡಿಯಲ್ಲೋ, ಮಾತುಂಗಾದ ಕಿಂಗ್ಸ್ ಸರ್ಕಲ್ಲಿನ ಹಳೆ ಪುಸ್ತಕದ ಸಾಲಿನಲ್ಲೋ ಕಣ್ಣಿಗೆ ಬಿದ್ದರೆ ಬಿಡಬೇಡಿ. ಫಿಲ್ಮ್ ತೊಳೆಯುವ ಪುಟಗಳು ನಿಮಗೆ ಬೇಡವಾಗಬಹುದು. ಆದರೆ 2.8, 4, 5.6, 8, 11, 16 ಎಂಬ ಅಪರ್ಚರ್ ಮಗ್ಗಿ ಇಂದಿಗೂ ಅದೇ. ಒಂದೊಂದು ಮೆಟ್ಟಿಲು ಏರಿದಂತೆ ಬೆಳಕು ಅರ್ಧವಾಗುತ್ತದೆ.

ಪುಸ್ತಕಗಳಲ್ಲಿ, ಹೊಸಬರಿಗೆ ಬ್ರಯನ್ ಪೀಟರ್‌ಸನ್ ಅವರ ‘ಅಂಡರ್‌ಸ್ಟ್ಯಾಂಡಿಂಗ್ ಎಕ್ಸ್‌ಪೋಷರ್’ ಸರಳವಾಗಿದೆ. 1990ರಲ್ಲಿ ಬಂದ ಈ ಪುಸ್ತಕ ಮುಂದೆ ಡಿಜಿಟಲ್ ಕಾಲಕ್ಕೆ ತಕ್ಕಂತೆ ಪರಿಷ್ಕಾರಗೊಂಡಿದೆ. ಆನ್ಸೆಲ್ ಆಡಮ್ಸ್ ಅವರ ‘ದಿ ಕ್ಯಾಮೆರಾ’, ‘ದಿ ನೆಗೆಟಿವ್’, ‘ದಿ ಪ್ರಿಂಟ್’ ಎಂಬ ಮೂರು ಸಂಪುಟಗಳು ಎರಡನೆಯ ತರಗತಿಗೆ. ಅವನ್ನು ಕೊಳ್ಳುವ ಮೊದಲು ಗ್ರಂಥಾಲಯದಲ್ಲಿ ವಿಚಾರಿಸಿ.

ನಮ್ಮವರನ್ನು ಮರೆಯಬೇಡಿ. ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಮಂತ್ರಿಯಾಗಿದ್ದವರು, ಕಾಡುಪ್ರಾಣಿಗಳ ಅಪೂರ್ವ ಛಾಯಾಗ್ರಾಹಕರೂ ಹೌದು. ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ 1983ರಲ್ಲಿ ಬಂತು. ಮೂಡಿಗೆರೆಯ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದು ಕನ್ನಡದಲ್ಲಿ ಬರೆದರು. ಓದಲು ತಡವರಿಸುವವರು ‘ಕನ್ನಡನಾಡಿನ ಹಕ್ಕಿಗಳು’ ಪುಸ್ತಕದಿಂದ ಶುರು ಮಾಡಬಹುದು. ಚಿತ್ರ ನೋಡುತ್ತ ನೋಡುತ್ತ ಅಕ್ಷರವೂ ಕೂಡಿಬರುತ್ತದೆ. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಓದಿ, ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿಯಾದ ಹೋಮಾಯ್ ವ್ಯಾರಾವಾಲಾ (1913-2012) ಅವರ ಚಿತ್ರಗಳನ್ನು ಹುಡುಗಿಯರಂತೂ ನೋಡಲೇಬೇಕು.

ಯೂಟ್ಯೂಬಿನಲ್ಲಿ ಪಾಠಗಳಿಗೆ ಬರವಿಲ್ಲ. ಬರ ಇರುವುದು ನಮ್ಮ ತಾಳ್ಮೆಗೆ. ಒಬ್ಬರನ್ನೇ ಹಿಡಿದು, ಅವರು ಹೇಳಿದ್ದನ್ನು ಮಾಡಿ ಮುಗಿಸಿದ ಮೇಲೆ ಇನ್ನೊಬ್ಬರ ಬಳಿ ಹೋಗಿ. ಸಾವಿರಾರು ರೂಪಾಯಿಯ ತರಗತಿಗೆ ಸೇರುವ ಮೊದಲು ಎರಡು ಪ್ರಶ್ನೆ ಕೇಳಿ: ಕಲಿಸುವವರ ಚಿತ್ರಗಳನ್ನು ನೋಡಬಹುದೇ? ನನ್ನ ಚಿತ್ರಗಳನ್ನು ಅವರು ತಿದ್ದುತ್ತಾರೆಯೇ? ಎರಡನೆಯದಕ್ಕೆ ‘ಇಲ್ಲ’ ಎಂದರೆ ಹಣ ಉಳಿಸಿಕೊಳ್ಳಿ. 1937ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಫೋಟೋಗ್ರಾಫಿಕ್ ಸೊಸೈಟಿ ಆಫ್ ಇಂಡಿಯಾದಂಥ ಹವ್ಯಾಸಿಗಳ ಕೂಟಗಳಲ್ಲಿ ಹಿರಿಯರ ಜೊತೆ ಒಂದು ಸಂಜೆ ಕಳೆದರೆ ಎಷ್ಟೋ ಕಲಿಯಬಹುದು.

ಕೊನೆಗೊಂದು ಪಾಠ, ಬಿಟ್ಟಿಯದು. ಹಿಂದೆ ಒಂದು ರೀಲಿನಲ್ಲಿ 36 ಚಿತ್ರ ಮಾತ್ರ. ಒಂದು ಭಾನುವಾರ ನೀವೂ 36ಕ್ಕೆ ನಿಲ್ಲಿಸಿ. ಪ್ರತಿಯೊಂದಕ್ಕೂ ಬೆಳಕು ಎಲ್ಲಿಂದ ಬಂತೆಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಊರಿಗೆ ಹೋದಾಗ ಅಜ್ಜ-ಅಜ್ಜಿಯರನ್ನು ಕಿಟಕಿಯ ಪಕ್ಕ ಕೂರಿಸಿ, ಅವರ ಕಥೆ ಕೇಳುತ್ತ ತೆಗೆಯಿರಿ. ಒಳ್ಳೆಯದೊಂದನ್ನು ಅಂದೇ ಪ್ರಿಂಟ್ ಹಾಕಿಸಿ ಅವರ ಕೈಗೆ ಕೊಡಿ. ನಾಳೆ ಮಾಡಿದರಾಯಿತು ಎನ್ನಬೇಡಿ.

ಮೊನ್ನೆ ನಾನು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದೆ. ಮಗ ಬಂದು, “ಅಮ್ಮಾ, ಸ್ವಲ್ಪ ಈ ಕಡೆ ತಿರುಗಿ ಕೂತ್ಕೋ” ಎಂದ. ತಿರುಗಿದೆ. ಮುಖದ ಮೇಲೆ ಕಿಟಕಿಯ ಬೆಳಕು ಬಿತ್ತು. ಒಂದೇ ಒಂದು ಫೋಟೋ ತೆಗೆದ.